ಗೋಪುರದ ಜೇನು

ಆ ಬಾಟಲಿ ಕಣ್ಣಿಗೆ ಬಿದ್ದ ಮೇಲೆ ಅಯ್ಯನವರ ಪ್ರಸಂಗದ ಒಂದು ಮಾತೂ ದೇವದಾನಪ್ಪನ ತಲೆಗೆ ಇಳಿಯಲಿಲ್ಲ. ಶಿಲುಬೆಯ ಕೆಳಗೆ, ದೇವಾಲಯದ ಪೀಠದ ಮುಂದೆ ಹಾಸಿದ ಬಿಳಿ ಬಟ್ಟೆಯ ಮೇಲೆ ಸಭೆಯವರು ತಂದ ಪ್ರಥಮಫಲಗಳಿದ್ದವು. ಬಾದಾಮಿ, ಮಲ್ಲಿಕಾ, ತೋತಾಪುರಿ ಮಾವಿನ ಬುಟ್ಟಿಗಳು, ಒಂದು ಬಾಕ್ಸು ಟೊಮೆಟೊ, ಎರಡು ಕುಂಬಳಕಾಯಿ, ಕಾಲು ಕಟ್ಟಿಹಾಕಿದ ಒಂದು ಹುಂಜ. ಇವೆಲ್ಲದರ ನಡುವೆ ಹಳೆಯ ಉಪ್ಪಿನಕಾಯಿ ಬಾಟಲಿಯೊಂದರ ತುಂಬ ಜೇನುತುಪ್ಪ. ತಂದಿಟ್ಟವಳು ದೇವಾಲಯದ ಕಸ ಗುಡಿಸುವ ಗಂಗರತ್ನಮ್ಮ. ಎರಡು ಕೈಯಲ್ಲಿ ಹಿಡಿದು ತಂದಳು, ಮೊಣಕಾಲೂರಿ ಇಟ್ಟಳು, ಎದ್ದು ಬರುವಾಗ ಮೊದಲ ಬೆಂಚಿನಲ್ಲಿ ಕುಳಿತಿದ್ದ ಅವನ ಕಡೆ ಬಾಗಿ, "ನಮ್ ಗೋಪುರದ್ದೇ ಮೇಷ್ಟ್ರೇ. ಹುಳ ಎದ್ದು ಹೋದ್ವು ಅಂದ್ರಲ್ಲ, ಜೇನ್ ಹುಟ್ಟು ಹೊಂಗೆ ಮರದ್ ಕೆಳ್ಗೆ ಬಿದ್ದಿತ್ತು. ನಾನೇ ಹಿಂಡಿ ಸೋಸಿದ್ದು" ಅಂದಳು. ದೇವದಾನಪ್ಪ ತಲೆಯಾಡಿಸಿದ. ಮೂವತ್ತನಾಲ್ಕು ವರ್ಷ ಸರ್ಕಾರಿ ಶಾಲೆಯಲ್ಲಿ ಮಕ್ಕಳು ಒಪ್ಪಿಸಿದ್ದಕ್ಕೆಲ್ಲ ಆಡಿ ಆಡಿ ಪಳಗಿದ ತಲೆ, ಅದಕ್ಕೆ ಅವನ ಅಪ್ಪಣೆ ಬೇಕಿರಲಿಲ್ಲ. ಅವಳು ಹೋಗಿ ಹೆಂಗಸರ ಕಡೆ ಕುಳಿತ ಮೇಲೆ ತಾನು ಯಾವುದಕ್ಕೆ ಹೂಂ ಅಂದೆ ಎಂಬುದು ಅವನಿಗೆ ಹೊಳೆಯಿತು. ಆ ತುಪ್ಪ ವಿಷವಾಗಿತ್ತು.

ಅದು ವಿಷವೆಂದು ಗೊತ್ತಿದ್ದವರು ಇಬ್ಬರೇ: ಅವನು, ಮತ್ತು ತೋಟಗಳಿಗೆ ಔಷಧಿ ಹೊಡೆಯುವ ಆಂಜಿ. ಹೆಜ್ಜೇನು ಬಂದದ್ದು ಮಾವಿನ ಹೂವಿನ ಜೊತೆಗೆ. ಪ್ರತಿ ವರ್ಷವೂ ಸಂಕ್ರಾಂತಿಯ ಹೊತ್ತಿಗೆ ಬಂದು ಗೋಪುರದ ಕಲ್ಲಿಗೆ ನಾಲ್ಕೈದು ಹುಟ್ಟು ಕಟ್ಟಿ, ಮುಂಗಾರು ಹಿಡಿದ ಮೇಲೆ ತಾವಾಗಿ ಎದ್ದು ಹೋಗುತ್ತಿದ್ದವು. ಯಾರಿಗೂ ತಕರಾರಿರಲಿಲ್ಲ, ಯಲ್ದೂರಿನ ಸುತ್ತಲ ತೋಪಿನವರಿಗಂತೂ ಅವು ಬೇಕೇ ಬೇಕು. ಈ ಮೇ ತಿಂಗಳಲ್ಲಿ ಮಾತ್ರ ಒಂದು ಮದುವೆಯ ಬ್ಯಾಂಡಿಗೆ ರೇಗಿ ಆರು ಜನರನ್ನು ಕಚ್ಚಿಬಿಟ್ಟವು, ಮದುಮಗನ ಸೋದರಮಾವ ಕುಂಬಳಕಾಯಿಯಂಥ ಮುಖ ಹೊತ್ತುಕೊಂಡು ಮುಳಬಾಗಿಲಿಗೆ ಹಿಂತಿರುಗಿದ. ಅದರ ಬೆನ್ನಿಗೇ ಬಿಷಪ್ಪರ ಕಾಗದ. ಜೂನ್ ಮೊದಲ ಭಾನುವಾರ ಪರಿಸರದ ಭಾನುವಾರ, ತಾವೇ ಬಂದು ಗಿಡ ನೆಟ್ಟು ಪ್ರಥಮಫಲವನ್ನೂ ಆಶೀರ್ವದಿಸುತ್ತೇವೆ ಎಂದು. ಕಮಿಟಿಯವರು ಗಾಬರಿಯಾಗಿ ಮೀಟಿಂಗು ಕರೆದರು. ಮಾವಿನ ಮಂಡಿಯ ಸುರೇಶ್, "ಬಿಷಪ್ಪರಿಗೆ ಕಚ್ಚಿದ್ರೆ ಊರ್ ಮಾನ ಏನಾಗ್ಬೇಕು?" ಎಂದು ಮೇಜು ಗುದ್ದಿದ. ಹೊಸದಾಗಿ ಬಂದ ಸಭಾಪಾಲಕ ಅರುಣ್‌ಕುಮಾರ್ ಅಯ್ಯನವರು, ಇನ್ನೂ ಮೀಸೆ ಸರಿಯಾಗಿ ಬಲಿಯದ ಹುಡುಗ, "ಬ್ಯಾಂಡ್ ಬೇಡ, ಗಂಟೆ ಬೇಡ. ಎರಡು ವಾರ ತಡ್ಕೊಂಡ್ರೆ ಅವೇ ಹೋಗ್ತವೆ. ನಾವು ಈ ತೋಟದ ಒಡೆಯರಲ್ಲ, ಮನೆವಾರ್ತೆ ನೋಡ್ಕೊಳ್ಳೋರು ಅಷ್ಟೇ" ಅಂದರು. ಎಲ್ಲರೂ ಕಾರ್ಯದರ್ಶಿಯ ಮುಖ ನೋಡಿದರು. "ಆ ಜವಾಬ್ದಾರಿ ನನಗೆ ಬಿಡಿ" ಎಂದ ದೇವದಾನಪ್ಪ. ಹತ್ತೊಂಬತ್ತು ವರ್ಷಗಳಿಂದ ಸೋರುವ ಸೂರಿಗೂ, ಕೆಟ್ಟ ಮೈಕಿಗೂ, ಸಮಾಧಿ ತೋಟದ ಬೇಲಿಗೂ ಅವನು ಹೇಳುತ್ತ ಬಂದ ಮಾತು ಅದೇ. ಮೀಟಿಂಗು ಬೇಗ ಮುಗಿಸಿ ಮನೆಗೆ ಹೋಗಿ ಮಂಡಿಗೆ ಎಣ್ಣೆ ಹಚ್ಚಿಕೊಳ್ಳಲು ಅದಕ್ಕಿಂತ ಸುಲಭದ ದಾರಿ ಅವನಿಗೆ ಗೊತ್ತಿರಲಿಲ್ಲ.

ಅಯ್ಯನವರು ಮಾತಾಡುತ್ತಲೇ ಇದ್ದರು. ಗೋಡೆಯ ಫ್ಯಾನಿನ ಗಾಳಿಗೆ ಪೀಠದ ಬಟ್ಟೆಯ ಅಂಚು ಎದ್ದು ಬೀಳುತ್ತಿತ್ತು. ಎದ್ದಾಗ ಬಾಟಲಿ ಮರೆಯಾಗುತ್ತಿತ್ತು, ಬಿದ್ದಾಗ ಮತ್ತೆ ಅಲ್ಲೇ. ಬುಧವಾರ ಅಯ್ಯನವರು ಕೋಲಾರಕ್ಕೆ ಹೋಗಿದ್ದ ದಿನ, ಹೊತ್ತು ಮುಳುಗುವ ವೇಳೆಗೆ ಆಂಜಿ ಟ್ರಾಕ್ಟರಿನಲ್ಲಿ ಡ್ರಮ್ಮು, ಪಂಪು, ಉದ್ದನೆಯ ಪೈಪು ಹೇರಿಕೊಂಡು ಬಂದ. ಮಾವಿನ ಜಿಗಿಹುಳಕ್ಕೆ ಹೊಡೆದು ಉಳಿದಿದ್ದ ಔಷಧಿ. ಗೋಪುರದ ಕೆಳಗೆ ಚಪ್ಪಲಿ ಕಳಚಿ ಕೈಮುಗಿದ, ಪೈಪು ಮಾತ್ರ ಎತ್ತಲಿಲ್ಲ. "ವದ್ದು ಸಾರ್, ಬ್ಯಾಡ. ದೇವ್ರ ಮನೆ ಮೇಲಿನ್ ಹುಳ. ಪಾಪ ತಗಲ್ತದೆ" ಅಂದ. "ನಮ್ಮಲ್ಲಿ ಹುಳಕ್ಕೆಲ್ಲ ಪಾಪ ಇಲ್ಲ ಕಣೋ, ಹೊಡಿ" ಎಂದು ದೇವದಾನಪ್ಪ ನಕ್ಕ. ಈ ಮಾತು ಯಾವ ಅಧ್ಯಾಯದ ಯಾವ ವಾಕ್ಯದಲ್ಲಿದೆ ಎಂದು ಆಂಜಿ ಕೇಳಲಿಲ್ಲ, ಪೈಪು ಎತ್ತಿದ. ಪಂಪು ಶುರುವಾಯಿತು. ಮೇಲೆ ಒಂದು ಮೊರೆತ ಎದ್ದಿತು, ಎದ್ದಷ್ಟೇ ಬೇಗ ಒಡೆದುಹೋಯಿತು. ಗಾಳಿಗೆ ಹುಣಸೆ ಎಲೆ ಉದುರುವಂತೆ ಹುಳಗಳು ಉದುರತೊಡಗಿದವು. ಏಳನೇ ತರಗತಿಯ ಮಕ್ಕಳಿಗೆ ಬೋರ್ಡಿನ ಮೇಲೆ ಹೂವು ಬರೆದು, ಜೇನ್ನೊಣ ಬರೆದು, ಬಾಣದ ಗುರುತು ಹಾಕಿ ಪರಾಗಸ್ಪರ್ಶ ಕಲಿಸುತ್ತಿದ್ದ ಕೈಯನ್ನು ಅವನು ಪಂಚೆಯ ಮಡಿಕೆಯೊಳಗೆ ತೂರಿಸಿಕೊಂಡು ನಿಂತಿದ್ದ. ಮೈಮೇಲೆ ಒಂದು ಬಿದ್ದು ತೋಳಿನ ಮೇಲೆ ಗಿರಗಿರ ತಿರುಗಿತು, ಕಚ್ಚಲಿಲ್ಲ. ಕಚ್ಚಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು.

ಆಂಜಿ ಗಳುವಿನಿಂದ ಹುಟ್ಟುಗಳನ್ನು ಕೆಡವಿ, ಸಮಾಧಿ ತೋಟದ ಬೇಲಿಯ ಪಕ್ಕದ ಹೊಂಗೆ ಮರದಡಿಗೆ ಎಳೆದು ಹಾಕಿ, "ಹಳ್ಳ ತೋಡಿ ಹೂತ್ಬಿಡಿ ಸಾರ್, ಯಾರಾನ ಬಾಯಿಗೆ ಹಾಕ್ಕೊಂಡಾರು" ಎಂದು ಎರಡು ಸಲ ಹೇಳಿ ಹೋದ. ನಾಳೆ ಹೂತರಾಯಿತು ಎಂದು ಇವನು ಗೋಣಿಚೀಲ ಮುಚ್ಚಿದ. ಗುರುವಾರ ಬೆಳಿಗ್ಗೆ ಗಂಗರತ್ನಮ್ಮನಿಗೆ ಬರಬೇಡವೆಂದು ಹೇಳಿಕಳಿಸಿ ತಾನೇ ಪೊರಕೆ ಹಿಡಿದ. ಮೆಟ್ಟಿಲ ಮೇಲೆ, ಬಾಗಿಲ ಸಂದಿಯಲ್ಲಿ, ಗಂಟೆಯ ಹಗ್ಗದ ಬುಡದಲ್ಲಿ, ಎಲ್ಲ ಕಡೆಯೂ ಅವೇ. ಮೂರು ಮಂಕರಿ ತುಂಬಿದವು. ಕೆಲವಕ್ಕೆ ಇನ್ನೂ ಜೀವವಿತ್ತು, ಪೊರಕೆಯ ಕಡ್ಡಿ ಹಿಡಿದುಕೊಂಡು ಹತ್ತುತ್ತಿದ್ದವು. ಅಷ್ಟು ಹೊತ್ತಿಗೆ ಮಂಡಿ ಕಿತ್ತುಬರುವಂತೆ ನೋಯುತ್ತಿತ್ತು. ಸಂಜೆ ಹೂಳುತ್ತೇನೆ ಅಂದುಕೊಂಡ. ಸಂಜೆ ಶಾಮಿಯಾನದವನ ಜೊತೆ ಮಾತು, ಆಮೇಲೆ ಪ್ರಾರ್ಥನಾಕೂಟ. ಕೂಟದಲ್ಲಿ ಅಯ್ಯನವರು, "ಗೋಪುರ ಖಾಲಿ ಕಾಣ್ತದಲ್ಲ ಮೇಷ್ಟ್ರೇ?" ಅಂದರು. "ನಿನ್ನೆ ತಾವಾಗೇ ಎದ್ದು ಹೋದ್ವು ಅಯ್ಯನೋರೇ" ಅಂದ. ಎಷ್ಟು ಸಲೀಸಾಗಿ ಬಂತು ಆ ಮಾತು. ಅಯ್ಯನವರು ಕಣ್ಣು ಮುಚ್ಚಿ ಸ್ತೋತ್ರ ಹೇಳಿದರು, ಹಿಂದೆ ಕುಳಿತಿದ್ದ ಗಂಗರತ್ನಮ್ಮ ಜೋರಾಗಿ ಆಮೆನ್ ಅಂದಳು. ಶುಕ್ರವಾರ ಹೋಗಿ ನೋಡಿದರೆ ಮರದ ಕೆಳಗೆ ಬರೀ ಗೋಣಿಚೀಲ. ಆಂಜಿಯೇ ಬಂದು ಹೂತಿರಬೇಕು ಎಂದುಕೊಂಡು ಮನೆಗೆ ಬಂದು ಮಲಗಿದ. ತಾನು ಬಿಟ್ಟ ಕೆಲಸವನ್ನು ಯಾರೋ ಪುಣ್ಯಾತ್ಮರು ಮಾಡಿ ಮುಗಿಸಿರುತ್ತಾರೆ ಎನ್ನುವುದೊಂದೇ ಈ ವಯಸ್ಸಿನಲ್ಲಿ ಅವನಿಗುಳಿದಿದ್ದ ಗಟ್ಟಿಯಾದ ವಿಶ್ವಾಸ.

"...ನಮ್ಮ ಮೇಷ್ಟ್ರನ್ನೇ ನೋಡಿ" ಎಂಬುದು ಕಿವಿಗೆ ಬಿದ್ದು ದೇವದಾನಪ್ಪ ಬೆಚ್ಚಿದ. ಅಯ್ಯನವರು ಅವನ ಕಡೆಗೇ ಕೈ ಚಾಚಿದ್ದರು. "ದೇವರು ಮೊದಲ ಮನುಷ್ಯನನ್ನ ತೋಟದಲ್ಲಿ ಇಟ್ಟದ್ದು ಯಾಕೆ? ತಿಂದು ಮಲಗೋಕಲ್ಲ, ಕಾಯೋಕೆ. ಎಲ್ಲರೂ ಹೆದರಿ ಆ ಜೇನನ್ನ ಓಡಿಸಿ ಅಂದಾಗ ನಮ್ಮ ಕಾರ್ಯದರ್ಶಿಗಳು ಜವಾಬ್ದಾರಿ ಹೊತ್ತರು, ತಾಳ್ಮೆಯಿಂದ ಕಾದರು. ಒಂದು ಹುಳಕ್ಕೂ ನೋವಾಗಲಿಲ್ಲ, ಒಬ್ಬ ಮನುಷ್ಯನಿಗೂ ನೋವಾಗಲಿಲ್ಲ. ಇವತ್ತು ಅದೇ ಜೇನು ದೇವರ ಮುಂದಿದೆ." ಬಿಷಪ್ಪರು ಕನ್ನಡಕದೊಳಗಿಂದ ಅವನನ್ನು ನೋಡಿ ಮುಗುಳ್ನಕ್ಕರು. ಜನ ಚಪ್ಪಾಳೆ ತಟ್ಟಿದರು. ಹೆಂಗಸರ ಕಡೆಯಿಂದ ಗಂಗರತ್ನಮ್ಮ ಪಕ್ಕದವಳಿಗೆ ಹೇಳಿದ್ದು ಅವನಿಗೆ ಕೇಳಿಸಿತು: "ಮೊನ್ನೆ ಕಸಾನೂ ತಾವೇ ಗುಡ್ಸವ್ರೆ ಕಣೇ, ಅಷ್ಟು ದೊಡ್ಡ ಮನ್ಸ." ಅವನು ಕುತ್ತಿಗೆ ತಗ್ಗಿಸಿದ. ಅದನ್ನೂ ಜನ ವಿನಯವೆಂದುಕೊಂಡರು.

ಈಗ ಎದ್ದು ನಿಲ್ಲಬಹುದು. ಎದ್ದು, ಅಯ್ಯನೋರೇ, ಅದು ಸುಳ್ಳು, ಎನ್ನಬಹುದು. ಎಷ್ಟು ಹೊತ್ತಿನ ಕೆಲಸ? ಅರ್ಧ ನಿಮಿಷ. ಆದರೆ ಆ ಅರ್ಧ ನಿಮಿಷದ ಆಚೆ ಉಳಿದ ವರ್ಷಗಳಿದ್ದವು. ಬೀದಿಯಲ್ಲಿ, ಬಸ್ ಸ್ಟಾಪಿನಲ್ಲಿ, ನರಸಾಪುರದ ಕಂಪನಿ ಬಸ್ಸಿಗೆ ಕಾಯುವ ಅವನ ಹಳೆಯ ಶಿಷ್ಯರ ಗುಂಪಿನಲ್ಲಿ. ಇಷ್ಟು ವರ್ಷ ಯಾರಿಗೂ ಬೇಡವಾದ ಕೆಲಸಗಳನ್ನೆಲ್ಲ ಹೊತ್ತು ಹೊತ್ತು ಅವನು ಸಂಪಾದಿಸಿದ್ದು ಮೇಷ್ಟ್ರು ಎಂಬ ಎರಡಕ್ಷರದ ಮರ್ಯಾದೆ, ಬೇರೇನೂ ಅಲ್ಲ. ಅವನಿಗೆ ದೇವರ ಮೇಲೆ ಸಿಟ್ಟು ಬಂತು. ಎರಡು ವಾರ ಮೊದಲು ಮಳೆ ಕೊಟ್ಟಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಮನಸ್ಸಿನಲ್ಲೇ ಬೈದ. ಬೈದ ಮೇಲೆ ಆಯಾಸವಾಯಿತು. ಮೇಲಾಗಿ ಗಾಬರಿಯಾಗುವಂಥದ್ದೇನಿದೆ, ಬಾಟಲಿ ಇನ್ನೂ ಪೀಠದ ಮುಂದಿದೆ, ಯಾರೂ ಬಾಯಿಗಿಟ್ಟಿಲ್ಲ. ಆರಾಧನೆ ಮುಗಿದ ಮೇಲೆ ಹರಾಜು. ಪ್ರತಿ ವರ್ಷ ಪ್ರಥಮಫಲವನ್ನು ಕೂಗಿ ಮಾರುವವನು ಅವನೇ. ತಾನೇ ಕೂಗಿ, ತಾನೇ ಕೊಂಡು, ಮನೆಗೊಯ್ದು ಹಳ್ಳ ತೋಡಿ ಸುರಿದರೆ ಅಲ್ಲಿಗೆ ಮುಗಿಯಿತು. ಬೀಸುವ ದೊಣ್ಣೆ ತಪ್ಪಿದರೆ ಸಾಕು. ಮೈ ಹಗುರವಾಯಿತು, ಕೊನೆಯ ಗೀತೆಯನ್ನು ಅವನು ಎಲ್ಲರಿಗಿಂತ ಜೋರಾಗಿ ಹಾಡಿದ.

ಶಾಮಿಯಾನದ ಕೆಳಗೆ ಹರಾಜು ಕಳೆಕಟ್ಟಿತು. ಆಶೀರ್ವಾದವಾದ ವಸ್ತುವಿಗೆ ಮಂಡಿಯ ದರವಿಲ್ಲ. ಹತ್ತು ರೂಪಾಯಿಯ ಕುಂಬಳಕಾಯಿಗೆ ಮುನ್ನೂರು ಕೂಗುವವರಿದ್ದರು. ಹುಂಜ ಹೋಯಿತು, ಮಾವು ಹೋಯಿತು. ದೇವದಾನಪ್ಪ ಬಾಟಲಿ ಮೇಲೆತ್ತಿದ. "ನಾನೇ ನೂರು" ಎಂದು ಮೈಕಿನಲ್ಲೇ ಹೇಳಿದ. ಜನ ನಕ್ಕರು. "ಕೂಗೋರೇ ಕೊಂಡ್ಕೊಳ್ಳೋದುಂಟಾ ಮೇಷ್ಟ್ರೇ?" ಎಂದು ಯಾರೋ ಅಂದರು. ಸುರೇಶ್ ಮುಂದಿನ ಕುರ್ಚಿಯಿಂದ ಐನೂರು ಅಂದ. ಬಿಷಪ್ಪರ ಪಕ್ಕದಲ್ಲೇ ಕುಳಿತಿದ್ದ ಅವನು, "ನಮ್ಮ ಗೋಪುರದ ಜೇನು, ಬಿಡೋಕಾಗ್ತದಾ? ನಾನು ಹಿಡಿದ್ರೆ ಇಲ್ಲೇ ಎಲ್ಲರ ಕೈಗೂ ಒಂದೊಂದು ತೊಟ್ಟು. ಬಿಷಪ್ಪರಿಗೆ ಮೊದಲನೇ ಚಮಚ" ಎಂದು ಸಾರಿದ. ಆಗಲೇ ಒಬ್ಬಳು ಚಮಚ ತರಲು ಎದ್ದಳು, ಮಕ್ಕಳು ಅಂಗೈ ಒರೆಸಿಕೊಂಡು ಮುಂದೆ ನುಗ್ಗಿದರು. ದೇವದಾನಪ್ಪ ಸಾವಿರ ಅಂದ. ಸುರೇಶ್ ಎರಡು. ಇವನು ಮೂರು. ನಗು ನಿಂತಿತು. ಅಯ್ಯನವರು ಹತ್ತಿರ ಬಂದು, "ಮೇಷ್ಟ್ರೇ, ಬಿಟ್ಟುಬಿಡಿ, ಎಲ್ಲರಿಗೂ ಒಂದು ತೊಟ್ಟು ಸಿಗಲಿ" ಎಂದು ಮೆಲ್ಲಗೆ ಹೇಳಿದರು. ಆ ಎಳೆಯ ಮುಖದಲ್ಲಿ, ಇಷ್ಟು ಹೊತ್ತು ಹೊಗಳಿದವನ ಆಸೆಬುರುಕತನ ಕಂಡ ಸಣ್ಣ ಬೇಸರವಿತ್ತು. ದೇವದಾನಪ್ಪ ಅವರ ಮುಖ ನೋಡದೆ ಐದು ಸಾವಿರ ಅಂದ. ಸುರೇಶ್ ಕೈಯೆತ್ತಿಬಿಟ್ಟ. "ಹೋಗ್ಲಿ ಬಿಡ್ರಪ್ಪ. ಮೇಷ್ಟ್ರಿಗೆ ಹಲ್ಲಿಲ್ಲ, ಮಾವಿನಕಾಯಿ ಕಡಿಯೋಕಾಗಲ್ಲ, ತುಪ್ಪಾನಾದ್ರೂ ನೆಕ್ಕಲಿ" ಅಂದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು, ಬಿಷಪ್ಪರು ಕೂಡ. ಮಕ್ಕಳು ಸಪ್ಪೆ ಮುಖ ಹಾಕಿಕೊಂಡು ಹಿಂದೆ ಸರಿದರು. ಜಿಪುಣನೆಂದಾದರೂ ಅನ್ನಲಿ, ಹೊಟ್ಟೆಬಾಕನೆಂದಾದರೂ ಅನ್ನಲಿ. ಬಾಟಲಿಯನ್ನು ಎದೆಗವುಚಿಕೊಂಡು ಅವನು ಕಂಬಕ್ಕೆ ಒರಗಿ ಕುಳಿತ. ಮುಗಿಯಿತು. ಕಣ್ಣು ಎಳೆಯುತ್ತಿತ್ತು.

ಗಂಗರತ್ನಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಬಂದಳು. ಸಂತೋಷಕ್ಕೆ ಅವಳ ಕಣ್ಣು ತುಂಬಿತ್ತು. ಅವಳು ತಂದ ವಸ್ತು ಯಾವತ್ತೂ ಇಷ್ಟಕ್ಕೆ ಹೋದದ್ದಿಲ್ಲ, ಕಳೆದ ವರ್ಷ ಅವಳ ಸೊಪ್ಪಿನ ಕಟ್ಟು ಇಪ್ಪತ್ತಕ್ಕೆ ಹೋಗಿತ್ತು. "ಅಯ್ಯೋ ಮೇಷ್ಟ್ರೇ, ಅಷ್ಟಕ್ಕ್ಯಾಕೆ ಕೂಗೋಕೋದ್ರಿ? ನಂಗೊಂದ್ ಮಾತು ಹೇಳಿದ್ರೆ ಮನೇಲೇ ಕೊಡ್ತಿದ್ನಲ್ಲ. ಇನ್ನೊಂದ್ ಬಾಟ್ಲು ಐತೆ."

ದೇವದಾನಪ್ಪನ ನಿದ್ದೆ ಹಾರಿತು. "ಇನ್ನೊಂದಾ?"

"ಊಂ. ರಜನಿ ಮಗೀಗೆ ಎತ್ತಿಟ್ಟೀನಿ." ರಜನಿ ಅವಳ ಮಗಳು, ಬಾಣಂತನಕ್ಕೆ ಬಂದು ತಿಂಗಳಾಗಿತ್ತು. "ಮೊನ್ನೇನೇ ನೆಕ್ಸಮ್ಮ ಅಂದ್ಲು ಅವ್ಳು. ನಾನೇ ಬ್ಯಾಡ ಅಂದೆ. ಮೊದ್ಲು ದೇವ್ರಿಗೆ, ಆಮೇಲೆ ನಮಗೆ. ದೀಕ್ಷಾಸ್ನಾನದ ಪಾಠದಾಗೆ ನೀವೇ ಹೇಳ್ಕೊಟ್ಟಿದ್ದಲ್ವಾ? ದೇವ್ರದ್ದು ಆಯ್ತು. ಈಗ ಹೋಗಿ ನೆಕ್ಸೋದೇ."

ಅವಳು ಹೊರಟೇಬಿಟ್ಟಿದ್ದಳು. "ನಿಲ್ಲಮ್ಮ" ಅಂದ. ನಿಂತಳು. ಅವನ ಬಾಯಿ ಇನ್ನೊಂದು ಸಂದಿ ಹುಡುಕಿಕೊಂಡಿತು. "ಅಷ್ಟು ಎಳೇ ಮಗೂಗೆ ಜೇನು ಕೊಡಬಾರ್ದು. ಡಾಕ್ಟ್ರು ಬೇಡ ಅಂತಾರೆ. ಒಂದು ವರ್ಷ ಆಗ್ಬೇಕು." ಇದು ನಿಜವೇ. ನಿಜವನ್ನೂ ಸುಳ್ಳಿನ ಕೆಲಸಕ್ಕೆ ಹಚ್ಚಬಹುದೆಂದು ಅವನಿಗೆ ಗೊತ್ತಿರಲಿಲ್ಲ.

"ಔನಾ? ನಮ್ ಕಾಲ್ದಾಗೆ ಹುಟ್ಟಿದ್ ದಿನಾನೇ ನೆಕ್ಸೋರು" ಎಂದು ನಕ್ಕಳು. "ಸರಿ ಬಿಡಿ, ಓದ್ದೋರು ಹೇಳ್ತೀರ. ಮಗೀಗೆ ಬ್ಯಾಡ. ಬಾಣಂತಿ ತಿನ್ಲಿ, ಮೈಗೆ ಬಲ ಬರ್ತದೆ."

ಬಾಣಂತಿಗೂ ಬೇಡ ಅನ್ನಬಹುದು. ಅದಕ್ಕೂ ಒಬ್ಬ ಡಾಕ್ಟರನ್ನು ಹುಟ್ಟಿಸಬಹುದು. ಆಗ ಅವಳು ತಾನೇ ರೊಟ್ಟಿಗೆ ಸವರಿಕೊಳ್ಳುತ್ತಾಳೆ, ಕೆಮ್ಮಿಗೆಂದು ಪಕ್ಕದ ಮನೆಗೆ ಬಟ್ಟಲಲ್ಲಿ ಹಾಕಿ ಕೊಡುತ್ತಾಳೆ. ಒಂದೊಂದು ಬಾಯಿಯ ಮುಂದೆಯೂ ಹೋಗಿ ನಿಂತು ಅವನು ಒಂದೊಂದು ಹೊಸ ಮಾತು ಹೊಲಿಯಬೇಕು. ಅಷ್ಟು ಮಾತು ಅವನಲ್ಲಿ ಉಳಿದಿರಲಿಲ್ಲ. ಅವನು ಸೋತದ್ದು ಧೈರ್ಯಕ್ಕಲ್ಲ, ದಣಿವಿಗೆ. ಈ ಜನ್ಮದಲ್ಲಿ ಅವನ ಕೈಲಾದ ಒಂದೇ ಒಂದು ಸತ್ಯ ದಣಿವಿನಿಂದ ಬಂತು ಎಂದು ಅವನಿಗೆ ಆ ಗಳಿಗೆಯಲ್ಲೇ ನಾಚಿಕೆಯಾಯಿತು.

"ಅದು ವಿಷ ಕಣಮ್ಮ" ಎಂದ.

"ಏನಂದ್ರಿ?"

"ಹುಳ ಎದ್ದು ಹೋಗ್ಲಿಲ್ಲ. ನಾನೇ ಆಂಜಿ ಕೈಲಿ ಮಂದು ಹೊಡ್ಸಿದೆ. ತೋಟಕ್ಕೆ ಹೊಡಿಯೋ ಔಷ್ದಿ. ಎಲ್ಲಾ ಸತ್ವು. ಹುಟ್ಟು ಹೂಳ್ಬೇಕಿತ್ತು, ಹೂಳ್ಲಿಲ್ಲ. ಯಾರೂ ತಿನ್ಬೇಡಿ ಅದನ್ನ."

ಮೈಕು ಕೆಳಗಿತ್ತು, ಅವನ ದನಿಯೂ ಅಷ್ಟೇನೂ ಏರಿರಲಿಲ್ಲ. ಆದರೂ ಶಾಮಿಯಾನದ ಕೆಳಗಿನ ಮಾತು ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೆ ಅಡಗುತ್ತ ಹೋಯಿತು. ಸುರೇಶ್ ಎದ್ದು ನಿಂತ, ಮತ್ತೆ ಕುಳಿತ. ನೆಡಬೇಕಾಗಿದ್ದ ನೇರಳೆ ಗಿಡವನ್ನು ಕೈಯಲ್ಲಿ ಹಿಡಿದಿದ್ದ ಅಯ್ಯನವರು ಅದನ್ನು ಕೆಳಗಿಡಲೂ ಆಗದೆ ಹಿಡಿದುಕೊಳ್ಳಲೂ ಆಗದೆ ಇವನನ್ನೇ ನೋಡುತ್ತಿದ್ದರು. ಬೈದರೆ ಕೇಳಿಸಿಕೊಳ್ಳೋಣವೆಂದು ದೇವದಾನಪ್ಪ ಕಾದ. ಗಂಗರತ್ನಮ್ಮ ಬೈಯಲಿಲ್ಲ. ಅವಳ ಮುಖದಲ್ಲಿ ಮೊದಲು ಮಗು ಬಂದು ಹೋಯಿತು, ಆಮೇಲೆ ಮಗಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿಯನ್ನೂ ಮೆಟ್ಟದೆ ಮನೆಯ ಕಡೆ ಓಡಿದಳು. ಇವನೂ ಎದ್ದು ಕುಂಟುತ್ತ ಅವಳ ಹಿಂದೆ ನಡೆದ. ತಡೆಯಲಿಕ್ಕೋ, ನೆರವಾಗಲಿಕ್ಕೋ ಅವನಿಗೇ ತಿಳಿದಿರಲಿಲ್ಲ. ಬೇರೆ ಯಾರೂ ಏಳಲಿಲ್ಲ.

ಗೇಟಿನ ಹತ್ತಿರ ಅವಳು ಗಕ್ಕನೆ ನಿಂತು ತಿರುಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅರ್ಥವಾಗದ ಪಾಠವನ್ನು ಇನ್ನೊಂದು ಸಲ ಕೇಳುವವಳ ಹಾಗೆ ಕೇಳಿದಳು.

"ಅಲ್ಲಾ ಮೇಷ್ಟ್ರೇ, ನಾನು ಮಣಕಾಲೂರಿ ಅದನ್ನ ದೇವ್ರ ಮುಂದೆ ಇಡೋವಾಗ ನೀವು ಅಲ್ಲೇ ಕೂತಿದ್ರಲ್ಲ?"

"ಕೂತಿದ್ದೆ ಕಣಮ್ಮ" ಎಂದ ದೇವದಾನಪ್ಪ. ಅಷ್ಟರಲ್ಲಿ ಅವಳು ಬೀದಿಯ ತಿರುವು ದಾಟಿದ್ದಳು.